ಬಿಡುವಿನ ವೇಳೆ, ದುಶ್ಚಟಗಳಿಲ್ಲ

"ಮೇಡಂ, ಈ ರಿಜಿಸ್ಟರ್ ಪೊಲೀಸ್ರಿಗೆ ಬಿಟ್ರೆ ಬೇರೆ ಯಾರಿಗೂ ತೋರಿಸೋ ಹಾಗಿಲ್ಲ," ಎಂದ ಅಂಜಿನಯ್ಯ. ಹಾಗೆಂದವನೇ ಆ ಉದ್ದನೆಯ ಪುಸ್ತಕವನ್ನು ಕಲಾವತಿಯ ಕಡೆಗೆ ತಿರುಗಿಸಿಟ್ಟು, ಫುಟ್‌ಪಾತಿನ ಮೇಲಿದ್ದ ಬೋರ್ಡನ್ನು ನೆಟ್ಟಗೆ ಮಾಡುವವನಂತೆ ಬಾಗಿಲಾಚೆ ಹೋದ.

ಬಸವೇಶ್ವರನಗರದ ಅವನ ಬ್ರೌಸಿಂಗ್ ಸೆಂಟರಿನಲ್ಲಿ ಹತ್ತು ಕ್ಯಾಬಿನ್ನುಗಳಿದ್ದವು. ಪ್ಲೈವುಡ್ಡಿನ ಅಡ್ಡಗೋಡೆ, ಎದೆಮಟ್ಟದ ಬಾಗಿಲು. ಮಧ್ಯಾಹ್ನ ಎರಡೂಮುಕ್ಕಾಲರ ಆ ಹೊತ್ತಿಗೆ ಮೂರರಲ್ಲಿ ಮಾತ್ರ ಜನರಿದ್ದರು.

ಕಲಾವತಿ ಕೈಚೀಲದಿಂದ ಒಂದು ಹಾಳೆ ತೆಗೆದಳು. ಅದರಲ್ಲಿ ಹನ್ನೊಂದು ತಾರೀಖುಗಳಿದ್ದವು. ಜೂನ್ ತಿಂಗಳಲ್ಲಿ ಸತ್ತ ಸ್ಮೃತಿ ಎಂಬ ಹುಡುಗಿಯ ಆರ್ಕುಟ್ ಖಾತೆಯಿಂದ, ಅವಳನ್ನು ಮದುವೆಯಾಗಬೇಕಿದ್ದ ಮಧ್ವೇಶನ ಪುಟಕ್ಕೆ ಸಂದೇಶಗಳು ಬಂದ ತಾರೀಖುಗಳು. ಎಲ್ಲವೂ ಆಗಸ್ಟ್, ಸೆಪ್ಟೆಂಬರಿನವು. ಕೊನೆಯದು ಬಂದದ್ದು ಕಳೆದ ಬುಧವಾರ. ಮರುದಿನ ಮಧ್ಯಾಹ್ನ ವಿಜಯನಗರದ ಮನೆಯಿಂದ ಹೊರಟ ಮಧ್ವೇಶ್, ಐದು ದಿನವಾದರೂ ಹಿಂತಿರುಗಿರಲಿಲ್ಲ.

ಅವಳು ಹಾಳೆಯಲ್ಲಿನ ಒಂದೊಂದೇ ತಾರೀಖನ್ನು ರಿಜಿಸ್ಟರಿನಲ್ಲಿ ಹುಡುಕಿದಳು. ಮೊದಲ ಪುಟದಲ್ಲೇ ಪರಿಚಯದ ಹೆಸರೊಂದು ಸಿಕ್ಕಿತು. ಎರಡನೆಯದರಲ್ಲಿಯೂ ಇತ್ತು. ಹನ್ನೊಂದಕ್ಕೆ ಹನ್ನೊಂದೂ ತಾಳೆಯಾದವು.

ಚಕ್ರಪಾಣಿ. ನಿವೃತ್ತ ಶಿಕ್ಷಕ. ಏಳನೇ ಕ್ಯಾಬಿನ್. ಮೂರರಿಂದ ನಾಲ್ಕು.

ಸುಳ್ಳು ಹೆಸರಿರಲಿಲ್ಲ, ಸುಳ್ಳು ವಿಳಾಸವಿರಲಿಲ್ಲ. ಪರೀಕ್ಷೆಯ ಪತ್ರಿಕೆ ತಿದ್ದಿ ಅಂಕದ ಕೆಳಗೆ ಹಾಕುವಂಥ ಅಚ್ಚುಕಟ್ಟಾದ ಸಹಿ. ಸತ್ತ ಹುಡುಗಿಯ ಹೆಸರಿನಲ್ಲಿ ಬರೆಯುತ್ತಿದ್ದವರು ಅವಳ ತಂದೆ.

ಅಂಜಿನಯ್ಯ ಹಿಂತಿರುಗಿ ಬಂದು ಕೌಂಟರಿನ ಹಿಂದೆ ಕುಳಿತ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಮೇಷ್ಟ್ರಾ?" ಎಂದ.

"ಇಲ್ಲಿಗೆ ಯಾವಾಗಿಂದ ಬರ್ತಿದಾರೆ?"

"ಮಗಳು ತೀರ್ಕೊಂಡು ಹದಿನೈದು ದಿನ ಆಗಿತ್ತೇನೋ ಮೇಡಂ. ಬಂದು ನೀವು ನಿಂತಿದೀರಲ್ಲ, ಅಲ್ಲೇ ನಿಂತ್ರು. 'ಜನ ಬಿಡುವಾದಾಗ ಇಲ್ಲಿ ಬಂದು ಏನಪ್ಪಾ ನೋಡ್ತಾರೆ?' ಅಂದ್ರು. ನಾನು ಹೇಳ್ದೆ, ಹತ್ತು ಜನ ಬಂದ್ರೆ ಏಳು ಜನ ಆರ್ಕುಟ್ ಸಾರ್, ಒಬ್ಬ ಕ್ರಿಕೆಟ್ ಸ್ಕೋರು, ಒಬ್ಬ ಯಾಹೂ ಚಾಟು, ಇನ್ನೊಬ್ರು ಮಗಳ ಜಾತಕ ಹಿಡ್ಕೊಂಡು ಮ್ಯಾಟ್ರಿಮೊನಿ. ರಿಸಲ್ಟ್ ದಿನ ಬಿಟ್ರೆ ಓದೋಕೆ ಅಂತ ಯಾರೂ ಬರಲ್ಲ."

"ಆಮೇಲೆ?"

"'ನನ್ನ ಮಗಳು ಸ್ಕೂಲಲ್ಲಿ ಪಾಠ ಮುಗಿಸ್ಕೊಂಡು ದಿನಾ ಇಲ್ಲಿ ಒಂದು ಗಂಟೆ ಕೂರ್ತಿದ್ಲಂತೆ, ಅವಳು ನೋಡ್ತಿದ್ದದ್ದನ್ನ ತೋರಿಸು' ಅಂದ್ರು. ಏಳನೇದ್ರಲ್ಲಿ ಕೂರಿಸ್ದೆ. ಆ ಮಗು ಪಾಸ್‌ವರ್ಡ್ ಅದ್ರಲ್ಲೇ ಸೇವ್ ಮಾಡಿಬಿಟ್ಟಿತ್ತು. ಒತ್ತಿದ ಕೂಡಲೇ ಪುಟ ತೆರ್ಕೊಳ್ತು. ಫೋಟೋದಲ್ಲಿ ನಗ್ತಾ ಇತ್ತು. ನಾನು ಈಚೆ ಬಂದ್ಬಿಟ್ಟೆ ಮೇಡಂ."

ಕಲಾವತಿ ಏಳನೇ ಕ್ಯಾಬಿನ್ನಿಗೆ ಹೋಗಿ, ಸ್ಕೂಟರಿನ ಕೀಯನ್ನು ಮೇಜಿನ ಮೇಲಿಟ್ಟು, ಮೂರು ಗಂಟೆಗಾಗಿ ಕಾಯುತ್ತಾ ಕುಳಿತಳು.

ಚಕ್ರಪಾಣಿಯವರಿಗೆ ಅವಳು ಅಪರಿಚಿತಳಾಗಿರಲಿಲ್ಲ. ಮದುವೆಗೆ ಮುಂಚೆ ಗಂಡು ಹೆಣ್ಣುಗಳ ಪೂರ್ವಾಪರ ವಿಚಾರಿಸಿಕೊಡುವುದು ಅವಳ ಕಸುಬು. ಕೆಂಗೇರಿ ಉಪನಗರದಲ್ಲಿ ಒಂದು ಕೋಣೆಯ ಆಫೀಸು, ಪತ್ರಿಕೆಯಲ್ಲಿ ವಾರಕ್ಕೊಂದು ಸಣ್ಣ ಜಾಹೀರಾತು. ಸ್ಮೃತಿ ಮತ್ತು ಮಧ್ವೇಶ್ ಆರ್ಕುಟ್‌ನಲ್ಲೇ ಪರಿಚಯವಾಗಿ ಮೆಚ್ಚಿಕೊಂಡವರು. ಹುಡುಗಿ ಅಯ್ಯಂಗಾರ್, ಹುಡುಗ ಮಾಧ್ವ. ಮೇಷ್ಟ್ರು ಜಾತಿಯ ಮಾತೆತ್ತಲಿಲ್ಲ. ಹುಡುಗ ಎಂಥವನು ಎಂದಷ್ಟೇ ತಿಳಿಯಬೇಕೆಂದು ಜನವರಿಯಲ್ಲಿ ಕಲಾವತಿಯನ್ನು ಕರೆಸಿದ್ದರು.

ಅವಳು ಮಧ್ವೇಶನ ಆಫೀಸಿನಲ್ಲಿ ಕೇಳಿದಳು. ಪಕ್ಕದ ಮನೆಯಲ್ಲಿ ಕೇಳಿದಳು. ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿ ಕೇಳಿದಳು. ಎಲ್ಲರೂ ಒಂದೇ ಮಾತು ಹೇಳಿದ ಕೂಡಲೇ ಕೇಳುವುದನ್ನು ನಿಲ್ಲಿಸಿ ವರದಿ ಬರೆದುಕೊಟ್ಟಳು.

ಇದೇ ಸೆಪ್ಟೆಂಬರಿನಲ್ಲಿ, ಅದೇ ಜಾಹೀರಾತು ನೋಡಿಕೊಂಡು, ಮಧ್ವೇಶನ ಅಕ್ಕ ಸುವರ್ಣಾ ಅವಳ ಆಫೀಸಿಗೆ ಬಂದಿದ್ದಳು. ತಂದೆ ತಾಯಿ ಇಲ್ಲದ ತಮ್ಮನನ್ನು ಸಾಕಿ ಓದಿಸಿದವಳು. "ಪೊಲೀಸ್ ಬೇಡ ಮೇಡಂ, ಅವನ ಕೆಲಸಕ್ಕೆ ತೊಂದ್ರೆ ಆಗತ್ತೆ. ನೀವೇ ಹುಡುಕಿಕೊಡಿ," ಎಂದು ತಮ್ಮನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. "ಇದು ನನಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಮನೇಲಿರೋದು ಒಂದೇ ಕಂಪ್ಯೂಟರ್."

ಹಾಗೆ ಅವನ ಪುಟ ತೆರೆದಾಗಲೇ ಆ ಹನ್ನೊಂದು ಸಂದೇಶಗಳು ಕಂಡದ್ದು. ಸ್ಮೃತಿಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮನೆಗೆ ಹತ್ತಿರದ ಬ್ರೌಸಿಂಗ್ ಸೆಂಟರ್ ಇದೊಂದೇ.

"ಏಳಮ್ಮ. ಅದು ನಾನು ಕೂರೋ ಜಾಗ."

ಕಲಾವತಿ ತಲೆಯೆತ್ತಿದಳು. ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹಣೆಯ ಮೇಲೆ ತೆಳುವಾದ ನಾಮ. ಜನವರಿಯಲ್ಲಿ ನೋಡಿದ ಮನುಷ್ಯನಿಗಿಂತ ಹತ್ತು ವರ್ಷ ದೊಡ್ಡವರಾದಂತೆ ಕಂಡರು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟು, ಮೂಲೆಯ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡಳು.

ಮೇಷ್ಟ್ರು ಕುಳಿತರು. ಕನ್ನಡಕ ಒರೆಸಿಕೊಂಡು ಅವಳನ್ನು ಮತ್ತೆ ನೋಡಿದರು.

"ನೀವು ಕಲಾವತಿ ಅಲ್ವೇ?"

"ಹೌದು ಸಾರ್."

"ನಿಮ್ಮ ವರದಿ ಬೀರುವಿನಲ್ಲಿದೆ. ಎರಡು ಪುಟ. ನನಗೆ ಬಾಯಿಪಾಠ ಆಗಿದೆ." ಅವರು ತರಗತಿಯಲ್ಲಿ ಓದಿಸುವವರಂತೆ, ಏರಿಳಿತವಿಲ್ಲದೆ ಹೇಳಿದರು. "ವರ ಸದ್ಗುಣಿ. ಮದ್ಯಪಾನ, ಧೂಮಪಾನ ಇಲ್ಲ. ಅಕ್ಕ ಸುಸಂಸ್ಕೃತೆ. ಬಿಡುವಿನ ವೇಳೆ ಮನೆಯಲ್ಲೇ ಕುಳಿತು ಇಂಟರ್ನೆಟ್ ನೋಡುತ್ತಾರೆ. ದುಶ್ಚಟಗಳಿಲ್ಲ."

ಮೇಷ್ಟ್ರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

"ಇಂಟರ್ನೆಟ್ಟಲ್ಲಿ ಏನು ನೋಡ್ತಾರೆ ಅಂತ ಕೇಳಿದ್ರಾ?"

"ಇಲ್ಲ ಸಾರ್."

"ಯಾಕೆ?"

"ಮನೇಲೇ ಇರ್ತಾನೆ ಅಂದ್ರೆ ಒಳ್ಳೆಯವನು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ," ಎಂದರು ಮೇಷ್ಟ್ರು. "ಅದಕ್ಕೇ ನಿಮ್ಮನ್ನ ಬೈಯೋಕೆ ನನಗೆ ಬಾಯಿ ಬರ್ತಾ ಇಲ್ಲ."

ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ಕೀಲಿಮಣೆಯನ್ನು ಒಂದೇ ಸಮನೆ ಕುಟ್ಟುತ್ತಿದ್ದರು. ಕಲಾವತಿ ದನಿ ತಗ್ಗಿಸಿದಳು.

"ಮಧ್ವೇಶ್ ಎಲ್ಲಿ ಸಾರ್?"

"ನನಗೆ ಗೊತ್ತಿಲ್ಲ."

"ಬುಧವಾರ ನೀವು ಬರೆದ ಸಂದೇಶ ನನ್ನ ಹತ್ರ ಇದೆ. 'ನಾಳೆ ಕೆಂಗೇರಿ ಸ್ಟೇಷನ್. ನಾಲ್ಕು ಗಂಟೆ. ಕಾರಣ ಹೇಳು, ಸಾಕು.' ಸ್ಮೃತಿ ಹೆಸರಲ್ಲಿ ಬರೆದಿದೀರಿ. ಅವನು ಹೋದ. ಆಮೇಲೆ ಅವನನ್ನ ಯಾರೂ ನೋಡಿಲ್ಲ."

"ಅವಳ ಹೆಸರಲ್ಲಿ ಬರೆದೆ, ನಿಜ. ಆದ್ರೆ ಸ್ಮೃತಿ ಅಂತ ಅವನೇನೂ ನಂಬಿರಲಿಲ್ಲ. ಮೂರನೇ ದಿನವೇ 'ನೀವು ಅವಳ ತಂದೆ ಅಲ್ವಾ?' ಅಂತ ಬರೆದಿದ್ದ. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಕಾರಣ ಹೇಳು ಅಂತ ಅದೊಂದೇ ಪ್ರಶ್ನೆ ಕೇಳ್ತಾ ಹೋದೆ. ಉತ್ತರ ಬರೋವರೆಗೂ ಹುಡುಗರನ್ನ ಬೋರ್ಡ್ ಹತ್ರ ನಿಲ್ಲಿಸ್ತಿದ್ದೆ ನಾನು, ಮೂವತ್ತೆರಡು ವರ್ಷ."

"ಯಾವುದಕ್ಕೆ ಕಾರಣ?"

ಮೇಷ್ಟ್ರು ಅವಳನ್ನು ದಿಟ್ಟಿಸಿದರು. "ಅದನ್ನೂ ವಿಚಾರಿಸದೇ ಬಂದಿದೀರಾ?"

ಅವಳು ವಿಚಾರಿಸಿದ್ದಳು. ಆದರೆ ಅವರ ಬಾಯಿಂದಲೇ ಕೇಳಬೇಕಿತ್ತು.

ಏಪ್ರಿಲ್ ಕೊನೆಯಲ್ಲಿ ಸ್ಮೃತಿಯ ಹೆಸರಿನಲ್ಲಿ ಇನ್ನೊಂದು ಪುಟ ಹುಟ್ಟಿಕೊಂಡಿತ್ತು. ಅವಳದೇ ಫೋಟೋಗಳು, ಅವಳು ಪಾಠ ಮಾಡುತ್ತಿದ್ದ ಶಾಲೆಯ ಹೆಸರು, ಅವಳ ಮೊಬೈಲ್ ನಂಬರ್. ಅದರ ಕೆಳಗೆ, ಅವಳೇ ಬರೆದುಕೊಂಡ ಹಾಗೆ, ಯಾರೂ ಗಟ್ಟಿಯಾಗಿ ಓದಲಾಗದಂಥ ಸಾಲುಗಳು. ಒಂದು ವಾರದಲ್ಲಿ ಆ ನಂಬರಿಗೆ ಎಲ್ಲೆಲ್ಲಿಂದಲೋ ಕರೆ ಬರತೊಡಗಿದವು. ಮಕ್ಕಳ ತಂದೆತಾಯಿಗಳಲ್ಲಿ ಯಾರೋ ಅದನ್ನು ಪ್ರಿಂಟ್ ತೆಗೆದು ಶಾಲೆಗೆ ಕೊಟ್ಟರು. ಶಾಲೆಯವರು ರಜೆ ಮುಗಿದ ಮೇಲೂ ಬರುವುದು ಬೇಡ ಎಂದರು. ಮಧ್ವೇಶ್ ಮದುವೆ ಬೇಡವೆಂದ. ಜೂನ್ ಎರಡನೇ ವಾರದಲ್ಲಿ ಜ್ಞಾನಭಾರತಿ ಹಾಲ್ಟ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ, ಹಳಿಯ ಮೇಲೆ ಅವಳ ದೇಹ ಸಿಕ್ಕಿತು.

"ಆ ಫೋಟೋಗಳನ್ನ ಅವಳು ಒಬ್ಬರಿಗೇ ಕಳಿಸಿದ್ದದ್ದು," ಎಂದರು ಮೇಷ್ಟ್ರು. "ನಾನು ಈ ಕುರ್ಚಿಯಲ್ಲಿ ಕೂತು ಅವಳ ಪುಟ ಪೂರ್ತಿ ಓದಿದೆ. ಮಗಳ ಪತ್ರ ಓದಬಾರದು ಅಂತ ಗೊತ್ತು. ಓದಿದೆ. ಅವಳು ಮಧ್ವೇಶನಿಗೆ ಕಳಿಸಿದ್ದ ಫೋಟೋಗಳೇ ಅವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ."

"ಹಾಗಾದ್ರೆ ಅವನೇ?"

"ನಾನೂ ಹಾಗೇ ಅಂದ್ಕೊಂಡು ಕೆಂಗೇರಿಗೆ ಹೋದೆ."

ಅವರು ಮೇಜಿನ ಮೇಲಿನ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದರು.

"ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತಿದ್ದ. ನನ್ನ ನೋಡಿ ಎದ್ದು ನಿಂತ. ಅತ್ತ. ಹೊಡೀಬೇಕು ಅಂತ ಹೋದವನು ನಾನು. ಕೈ ಬರಲಿಲ್ಲ. 'ನಾನು ಹಾಕಿದ್ದಲ್ಲ ಸಾರ್, ನಮ್ಮನೆ ಕಂಪ್ಯೂಟರಿಂದ ಅಕ್ಕ ಹಾಕಿದ್ದು' ಅಂದ."

"ಸುವರ್ಣಾ?"

"ಅವಳಿಗೆ ಈ ಸಂಬಂಧ ಬೇಕಿರಲಿಲ್ಲವಂತೆ. ತಾನು ಸಾಕಿದ ತಮ್ಮ ತನ್ನ ಕೇಳದೆ ಹುಡುಗಿ ಆರಿಸ್ಕೊಂಡ ಅಂತ. ಮದುವೆ ಮುರಿದ್ರೆ ಸಾಕು ಅಂದ್ಕೊಂಡಿದ್ಲಂತೆ."

"ಇದು ಮಧ್ವೇಶ್‌ಗೆ ಯಾವಾಗ ಗೊತ್ತಾಯ್ತು?"

"ಎರಡೇ ದಿನಕ್ಕೆ." ಮೇಷ್ಟ್ರು ಮೌಸಿನಿಂದ ಕೈ ತೆಗೆದರು. "ಎರಡೇ ದಿನಕ್ಕೆ ಗೊತ್ತಾಯ್ತಂತೆ. ಅಳಿಸಿಬಿಡು ಅಂತ ಅಕ್ಕನ ಹತ್ರ ಜಗಳ ಆಡಿದನಂತೆ. ಕೊನೆಗೂ ಅವಳು ಅಳಿಸಿದ್ಲು, ಅಷ್ಟೊತ್ತಿಗೆ ಪ್ರಿಂಟ್ ಶಾಲೆಗೆ ಹೋಗಿತ್ತು. ನನ್ನ ಮಗಳ ಹತ್ರ ಬಂದು, ನೀನು ಬರೆದದ್ದಲ್ಲ ಅಂತ ನನಗೆ ಗೊತ್ತು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯಾಕೋ ಅಂದೆ. 'ಸಾಕಿದ ಅಕ್ಕ ಸಾರ್, ಅವಳನ್ನ ಪೊಲೀಸ್ರಿಗೆ ಹೇಗೆ ಕೊಡ್ಲಿ' ಅಂದ."

"ಆಮೇಲೆ?"

"ಕಾಲಿಗೆ ಬೀಳೋಕೆ ಬಂದ. ನಾನು ಕಾಲು ಹಿಂದಕ್ಕೆ ತಗೊಂಡೆ. ಎದ್ದು ಮೈಸೂರು ರಸ್ತೆ ಕಡೆ ನಡ್ಕೊಂಡು ಹೋದ. ಅಷ್ಟೇ. ನಾನು ಬಸ್ಸಲ್ಲಿ ಮನೆಗೆ ಬಂದೆ. ಆರು ಗಂಟೆ ಆಗಿತ್ತು."

"ಇದನ್ನ ಹೇಳೋಕೆ ಸಾಕ್ಷಿ ಯಾರಿದಾರೆ ಸಾರ್? ಮನೇಲಿ ನಿಮ್ಮ ಮನೆಯವರು ನೋಡಿದ್ರಾ, ಎಷ್ಟೊತ್ತಿಗೆ ಬಂದ್ರಿ ಅಂತ?"

"ಅಲಮೇಲು ಮನೇಲಿರಲಿಲ್ಲ. ಎಂಟು ಗಂಟೆಗೆ ಬಂದ್ಲು, ದೇವಸ್ಥಾನಕ್ಕೆ ಹೋಗಿದ್ದೆ ಅಂದ್ಲು. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಜೂನ್‌ನಿಂದ ಅವಳು ಹೆಚ್ಚು ಮಾತಾಡೋದೇ ನಿಲ್ಲಿಸಿದಾಳೆ." ಅವರು ಗಡಿಯಾರ ನೋಡಿದರು. ಮೂರೂವರೆ. "ನಿಮ್ಮ ಪ್ರಶ್ನೆ ಮುಗೀತಾ? ನಾನು ಈಗ ಅವನಿಗೆ ಬರೆಯೋದು ನಿಲ್ಲಿಸಿದೀನಿ. ಸುಮ್ಮನೆ ಅವಳ ಪುಟ ನೋಡಿ ಹೋಗ್ತೀನಿ."

ಅವರು ಪುಟ ತೆರೆದರು. ಹಸಿರು ದುಪಟ್ಟಾದಲ್ಲಿ ನಗುತ್ತಿದ್ದ ಹುಡುಗಿ ತೆರೆಯ ಮೇಲೆ ಬಂದಳು. ಅದರ ಕೆಳಗೆ, ಸ್ಮೃತಿಗೆ ಬಂದ ಸಂದೇಶಗಳ ಸಾಲಿನಲ್ಲಿ, ಹೊಸದೊಂದು ಇತ್ತು. ಮಧ್ವೇಶನ ಖಾತೆಯಿಂದ ಬಂದದ್ದು. ಇವತ್ತು ಮಧ್ಯಾಹ್ನ, ಎರಡು ಗಂಟೆ ಇಪ್ಪತ್ತು ನಿಮಿಷ.

ಇಂಗ್ಲಿಷ್ ಅಕ್ಷರದ ಕನ್ನಡ. ಮೇಷ್ಟ್ರು ತೊದಲುತ್ತಾ ಓದಿದರು.

"'ಬರ್ತೀನಿ. ನಾಲ್ಕು ಗಂಟೆಗೆ, ಹಾಲ್ಟ್ ಹತ್ರ. ನೀವು ಹೇಳಿದ ಹಾಗೇ ಕೇಳ್ತೀನಿ. ಮಧುಗೆ ಏನೂ ಮಾಡ್ಬೇಡಿ.'" ಅವರು ಕನ್ನಡಕ ತೆಗೆದರು. "ಇದು ಯಾರಿಗೆ ಉತ್ತರ? ನಾನು ಏನೂ ಬರೆದಿಲ್ಲ."

ಕಲಾವತಿ ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದಳು. ಮಧ್ವೇಶನನ್ನು ಮಧು ಎನ್ನುವವಳು, ಅವನ ಪಾಸ್‌ವರ್ಡ್ ಗೊತ್ತಿದ್ದವಳು ಅವನ ಅಕ್ಕ. ಹಾಗಾದರೆ ಇದನ್ನು ಬರೆದವಳು ಸುವರ್ಣಾ. ಯಾರೋ ಸ್ಮೃತಿಯ ಖಾತೆಯಿಂದ ಅವಳನ್ನು ಕರೆದಿದ್ದಾರೆ. ಅವಳು ಕಲಾವತಿಗೂ ಹೇಳದೆ ಹೊರಟಿದ್ದಾಳೆ.

"ಸ್ಮೃತಿಯ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು ಸಾರ್?"

"ಯಾರಿಗೂ ಇಲ್ಲ. ನನಗೇ ಗೊತ್ತಿಲ್ಲ. ಇಲ್ಲಿ ಕೂತ್ರೆ ತಾನಾಗೇ ತೆರ್ಕೊಳ್ಳತ್ತೆ."

ಇಲ್ಲಿ ಕೂತರೆ.

ಅವಳು ಕೌಂಟರಿಗೆ ಬಂದು ರಿಜಿಸ್ಟರಿನ ಇವತ್ತಿನ ಪುಟ ತಿರುವಿದಳು. ಒಂದು ನಲವತ್ತಕ್ಕೆ ಒಳಗೆ, ಎರಡು ಐದಕ್ಕೆ ಹೊರಗೆ. ಏಳನೇ ಕ್ಯಾಬಿನ್. ದುಂಡನೆಯ ಅಕ್ಷರದ ಸಹಿ.

ಅಲಮೇಲು.

"ಇವರು ಯಾವಾಗ ಬಂದ್ರು?"

ಅಂಜಿನಯ್ಯ ಬಗ್ಗಿ ನೋಡಿದ. "ಒಂದೂವರೆಯಿಂದ ಎರಡೂವರೆವರೆಗೆ ನಾನು ಊಟಕ್ಕೆ ಹೋಗ್ತೀನಿ ಮೇಡಂ. ನನ್ನ ಹೆಂಡ್ತಿ ಕೂತಿರ್ತಾಳೆ. ನನಗೆ ಗೊತ್ತಿಲ್ಲ."

ಅವಳು ಹಿಂದಿನ ಪುಟಗಳನ್ನು ತಿರುವಿದಳು. ಆಗಸ್ಟ್ ಮೊದಲ ವಾರದಿಂದ, ವಾರಕ್ಕೆ ಮೂರು ನಾಲ್ಕು ದಿನ, ಅದೇ ಹೆಸರು, ಅದೇ ಕ್ಯಾಬಿನ್. ಗಂಡ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಹೆಂಡತಿ ಬಂದು ಕುಳಿತು ಹೋಗುತ್ತಿದ್ದಳು. ಅದೇ ಕುರ್ಚಿಗೆ ಮೂರು ಗಂಟೆಗೆ ಗಂಡ ಬಂದು ಕೂರುತ್ತಿದ್ದ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಂದು ಗಂಟೆಯ ಹಿಂದೆ ಕಲಾವತಿ ನೋಡಿದ ಪುಟಗಳೇ ಇವು. ಒಂದು ಹೆಸರು ಸಿಕ್ಕಿತೆಂದು ಅವಳು ಅಲ್ಲಿಗೇ ನಿಲ್ಲಿಸಿದ್ದಳು. ಜನವರಿಯಲ್ಲೂ ಅವಳು ಮಾಡಿದ್ದು ಇದನ್ನೇ.

ಬುಧವಾರ ಮೇಷ್ಟ್ರು ಬರೆದದ್ದನ್ನು ಅಲಮೇಲು ಗುರುವಾರ ಮಧ್ಯಾಹ್ನವೇ ಓದಿದ್ದಾರೆ. ದೇವಸ್ಥಾನಕ್ಕಲ್ಲ, ಕೆಂಗೇರಿಗೆ ಗಂಡನ ಹಿಂದೆಯೇ ಹೋಗಿ, ಬೆಂಚಿನ ಬಳಿಯ ಮಾತು ಕೇಳಿಸಿಕೊಂಡು, ಮಧ್ವೇಶನನ್ನು ಹಿಂಬಾಲಿಸಿದ್ದಾರೆ.

ಅವಳು ಕ್ಯಾಬಿನ್ನಿಗೆ ಮರಳಿ, ನಿಂತೇ ಸುವರ್ಣಾಳ ಮೊಬೈಲಿಗೆ ಕರೆ ಮಾಡಿದಳು. ಮೇಷ್ಟ್ರಿಗೂ ಕೇಳಲಿ ಎಂದು ಲೌಡ್‌ಸ್ಪೀಕರ್ ಒತ್ತಿದಳು. ಐದು ಸಲ ರಿಂಗಾದ ಮೇಲೆ ಎತ್ತಿದಳು.

"ಸುವರ್ಣಾ ಅವ್ರೇ, ಎಲ್ಲಿದೀರ?"

"ಹಾಲ್ಟ್ ಹತ್ರ." ಏದುಸಿರು. "ಮಧು ಸಿಕ್ಕಿದ ಮೇಡಂ. ಅವರ ಜೊತೆ ಬಂದ. ಆ ಹುಡುಗಿ ತಾಯಿ ಜೊತೆ. ಅವರ ಚೀಲ ಹಿಡ್ಕೊಂಡು ಬಂದ. ನನ್ನ ಮುಖ ನೋಡ್ತಾ ಇಲ್ಲ. ಹಳಿ ಮೇಲೆ ಹೋಗಿ ನಿಂತ್ಕೊಂಡಿದಾನೆ. ಮಧು, ಈಚೆ ಬಾರೋ. ನಿನ್ನ ಕಾಲಿಗೆ ಬೀಳ್ತೀನಿ, ಈಚೆ ಬಾ."

ಗಾಳಿಯ ಸದ್ದು. ಆಮೇಲೆ ಇನ್ನೊಂದು ದನಿ, ವಯಸ್ಸಾದ ಹೆಂಗಸಿನದು. ಅವಸರವಿಲ್ಲದ, ಮನೆಗೆ ಬಂದವರ ಜೊತೆ ಆಡುವಂಥ ದನಿ. ಮೇಷ್ಟ್ರು ಕುರ್ಚಿಯ ತೋಳು ಹಿಡಿದುಕೊಂಡರು. ಮೂರು ತಿಂಗಳಿಂದ ಅವರು ಆ ದನಿಯಲ್ಲಿ ಎರಡು ಮಾತು ಒಟ್ಟಿಗೆ ಕೇಳಿರಲಿಲ್ಲ.

"ನಾನು ಹೇಳಿ ಅವನು ಅಲ್ಲಿ ನಿಂತಿಲ್ಲಮ್ಮ. ಅವನಾಗೇ ನಿಂತಿದಾನೆ. ಗುರುವಾರದಿಂದ ದಿನಾ ಬಂದು ನಿಲ್ತಾನೆ. ದಿನಾ ನಾನು ಬಂದು ಈಚೆ ಕರ್ಕೋತೀನಿ. ಇವತ್ತು ಕರೆಯೋದು ನಿನ್ನ ಸರದಿ."

"ಆಂಟಿ, ನಿಮಗೆ ಕೈ ಮುಗೀತೀನಿ."

"ಕೈ ಮುಗೀಬೇಡ. ಈ ಕಾಗದ ತಗೋ. ಶಾಲೆಯವರು ನನ್ನ ಮಗಳ ಕೈಗೆ ಕೊಟ್ಟಿದ್ದು. ನೀನೇ ಬರೆದದ್ದು ಅಲ್ವಾ? ಮೊದಲನೇ ಸಾಲಿಂದ ಓದು. ನಿನ್ನ ತಮ್ಮನಿಗೆ ಕೇಳೋ ಹಾಗೆ, ಗಟ್ಟಿಯಾಗಿ. ಆಮೇಲೂ ಅವನು ಅಕ್ಕ ಅಂತ ಬಂದ್ರೆ ಕರ್ಕೊಂಡು ಹೋಗು."

ಕರೆ ಕಡಿದುಹೋಯಿತು.

ಕಲಾವತಿ ಮತ್ತೆ ಒತ್ತಿದಳು. ಸ್ವಿಚ್ ಆಫ್. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ನಲವತ್ತೆರಡು ನಿಮಿಷ. ಮೈಸೂರು ರಸ್ತೆಯ ಗೋಜಿಗೆ ಹೋಗದೆ ಒಳದಾರಿಯಲ್ಲಿ ನಾಗರಭಾವಿ ಮೇಲೆ ಓಡಿಸಿದರೆ ಇಪ್ಪತ್ತೈದು ನಿಮಿಷ. ಅವಳು ಮೇಜಿನ ಮೇಲಿನ ಸ್ಕೂಟರ್ ಕೀಗೆ ಕೈ ಚಾಚಿದಳು.

ಅದು ಅಲ್ಲಿರಲಿಲ್ಲ. ಮೇಷ್ಟ್ರ ಬಲಗೈ ಮುಷ್ಟಿ ಕಟ್ಟಿತ್ತು. ಬೆರಳ ಸಂದಿಯಲ್ಲಿ ಕೀಯ ತುದಿ ಕಾಣುತ್ತಿತ್ತು.

"ಸಾರ್, ಕೊಡಿ. ನಾಲ್ಕು ಗಂಟೆ ಹೊತ್ತಿಗೆ ಆ ಹಳೀ ಮೇಲೆ ಗಾಡಿ ಇದೆ."

"ನಾಲ್ಕೂ ಹತ್ತಕ್ಕೆ," ಎಂದರು ಮೇಷ್ಟ್ರು. ಅವರ ಕಣ್ಣು ತೆರೆಯ ಮೇಲಿನ ಹುಡುಗಿಯ ಮೇಲೇ ಇತ್ತು. "ಆ ಗಾಡಿ ಹೊತ್ತು ನನಗೆ ಗೊತ್ತಿಲ್ವೇ? ಕೂತ್ಕೊಳ್ಳಿ ಕಲಾವತಿ. ಅವಳು ಬರೆದದ್ದನ್ನ ಅವಳೇ ಓದಿ ಮುಗಿಸ್ಲಿ."